ಕಪ್ಪು ಕೋಟು ಬೇಕಾದಷ್ಟು, ಪಾಟೀಸವಾಲಿಗೆ ನಿಲ್ಲುವವರು ಎಷ್ಟು?

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಹಿರಿಯರೊಬ್ಬರ ಜೊತೆ ನಾವು ಮಂಗಳೂರಿನ ಕೋರ್ಟಿಗೆ ಹೋಗಿದ್ದೆವು. ಅವರ ಮಗನ ಮೇಲೆ ಸೆಷನ್ಸ್ ಕೇಸು. ಜಾಮೀನು ಸಿಕ್ಕಿ ಎರಡು ವರ್ಷ ಕಳೆದಿತ್ತು, ಇನ್ನೇನು ಸಾಕ್ಷಿ ವಿಚಾರಣೆ ಶುರುವಾಗುವ ಹೊತ್ತು. ಜಾಮೀನು ಕೊಡಿಸಿದ ಯುವ ವಕೀಲರು ಮುಚ್ಚುಮರೆ ಇಲ್ಲದೆ ಹೇಳಿದರು: “ಕಾಕ, ಸೆಷನ್ಸಿನಲ್ಲಿ ನಾನು ಒಬ್ಬನೇ ನಿಂತು ಟ್ರಯಲ್ ನಡೆಸಿದ್ದಿಲ್ಲ. ಅನುಭವ ಇರುವವರನ್ನು ನೋಡಿ.”

ನೋಡಿದೆವು. ಮೂರು ಆಫೀಸಿನ ಮೆಟ್ಟಿಲು ಹತ್ತಿ ಇಳಿದೆವು. ಒಬ್ಬರ ಕೈಯಲ್ಲಿ ಆಗಲೇ ಮಿತಿಮೀರಿದ ಕೇಸುಗಳು. ಇನ್ನೊಬ್ಬರು ಹೇಳಿದ ಫೀಸು ಕಾಕನ ಕೈಗೆ ಎಟುಕುವಂಥದ್ದಲ್ಲ. ಮೂರನೆಯವರು ವಯಸ್ಸಾಯಿತು, ಹೊಸ ಟ್ರಯಲ್ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ ಎಂದರು. ಹೊರಗೆ ಬಂದಾಗ ಕಾಕ ಕೇಳಿದ್ದು ಒಂದೇ ಮಾತು: “ಇಷ್ಟು ಕಪ್ಪು ಕೋಟು ಓಡಾಡ್ತಾ ಉಂಟು, ನಮಗೆ ಒಬ್ಬರು ಇಲ್ಲವಾ?”

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವಕೀಲರ ಸಂಖ್ಯೆಗೆ ಕೊರತೆ ಇಲ್ಲ. ಕಾನೂನು ಕಾಲೇಜುಗಳಿಂದ ವರ್ಷವರ್ಷವೂ ಮಕ್ಕಳು ಹೊರಬರುತ್ತಿದ್ದಾರೆ. ಕೊರತೆ ಇರುವುದು ಟ್ರಯಲ್ ನಡೆಸಿ ಪಳಗಿದವರದ್ದು.

ಟ್ರಯಲ್ ಅಂದರೆ ಬರೀ ವಾದ ಮಾಡುವುದಲ್ಲ. ಸಾಕ್ಷಿ ಪೊಲೀಸರ ಮುಂದೆ ಒಂದು ಹೇಳಿ, ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ ಆ ವ್ಯತ್ಯಾಸವನ್ನು ಪಾಟೀಸವಾಲಿನಲ್ಲೇ ಸಾಕ್ಷಿಯ ಮುಂದಿಟ್ಟು ಕೇಳಬೇಕು, ದಾಖಲಿಸಬೇಕು. ಆ ದಿನ ಆ ಪ್ರಶ್ನೆ ಕೇಳದೆ ಹೋದರೆ, ಮುಂದೆ ಹೈಕೋರ್ಟಿನಲ್ಲಿ ಎಷ್ಟು ದೊಡ್ಡ ವಕೀಲರನ್ನು ನಿಲ್ಲಿಸಿದರೂ ಸರಿಪಡಿಸುವುದು ಕಷ್ಟ. ವಕೀಲರು ಬದಲಾದರು ಎಂಬ ಒಂದೇ ಕಾರಣಕ್ಕೆ ಸಾಕ್ಷಿಯನ್ನು ಮತ್ತೆ ಕರೆಸಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿನಲ್ಲಿ ಆರೋಪಿಗೆ ಕೋರ್ಟಿನ ಮೂಲಕ ವಕೀಲರನ್ನು ಕೊಡುವುದಾದರೆ ಅವರಿಗೆ ಕನಿಷ್ಠ 10 ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಸಿಗಬೇಕು ಎಂದು ಅದೇ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಹೇಳಿತು. ಅನುಭವದ ಬೆಲೆ ಏನೆಂದು ಇದರಿಂದಲೇ ಗೊತ್ತಾಗುತ್ತದೆ.

ಈಗ ನೇಮಕಾತಿಯ ಕಡೆ ನೋಡಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ಬಡ ಆರೋಪಿಗಳಿಗಾಗಿ ಹೊಸ ವ್ಯವಸ್ಥೆಯೊಂದನ್ನು ತಂದಿತು. ಸರಕಾರಿ ಅಭಿಯೋಜಕರು ಸರಕಾರದ ಪರವಾಗಿ ನಿಲ್ಲುವ ಹಾಗೆ, ಆರೋಪಿಯ ಪರವಾಗಿ ಪೂರ್ಣಾವಧಿ ವಕೀಲರನ್ನು ನೇಮಿಸುವುದು ಅದರ ಉದ್ದೇಶ. ಅದರ ಮುಖ್ಯಸ್ಥರಿಗೆ ಕ್ರಿಮಿನಲ್ ವಕಾಲತ್ತಿನಲ್ಲಿ ಕನಿಷ್ಠ 10 ವರ್ಷ, ಸೆಷನ್ಸ್ ಕೋರ್ಟಿನಲ್ಲಿ ಕನಿಷ್ಠ 30 ಟ್ರಯಲ್ ಆಗಿರಬೇಕು. ಉಪ ಮುಖ್ಯಸ್ಥರಿಗೆ 7 ವರ್ಷ, 20 ಟ್ರಯಲ್. ಈ ಸಂಖ್ಯೆಯನ್ನು ಸಡಿಲಿಸಲು ಅವಕಾಶವನ್ನೂ ನಿಯಮದಲ್ಲೇ ಇಟ್ಟಿದ್ದಾರೆ. ನೇಮಕವಾದವರು ಖಾಸಗಿ ಕೇಸು ನಡೆಸುವಂತಿಲ್ಲ, ನೇಮಕವೂ ಗುತ್ತಿಗೆಯದ್ದು. 30 ಟ್ರಯಲ್ ನಡೆಸಿದವರ ಆಫೀಸು ಹೊರಗೆ ಚೆನ್ನಾಗಿ ನಡೆಯುತ್ತಿರುವಾಗ ಅದನ್ನು ಮುಚ್ಚಿ ಇಲ್ಲಿಗೆ ಬರುವವರು ಎಷ್ಟು ಮಂದಿ?

ಬೇರೆ ಹುದ್ದೆಗಳೂ ಹಾಗೆಯೇ. ನಮ್ಮ ರಾಜ್ಯದಲ್ಲಿ ಸಹಾಯಕ ಸರಕಾರಿ ಅಭಿಯೋಜಕರಾಗಲು 3 ವರ್ಷದ ವಕೀಲಿಕೆ ಬೇಕು. ಸೆಷನ್ಸ್ ಕೋರ್ಟಿನ ಸರಕಾರಿ ಅಭಿಯೋಜಕರಿಗೆ ಕಾನೂನೇ 7 ವರ್ಷ ಎಂದಿದೆ. ಓದು ಮುಗಿದ ಕೂಡಲೇ ಪರೀಕ್ಷೆ ಬರೆದು ಸಿವಿಲ್ ನ್ಯಾಯಾಧೀಶರಾಗುವ ದಾರಿಯೂ ಮುಚ್ಚಿದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಅದಕ್ಕೂ 3 ವರ್ಷದ ವಕೀಲಿಕೆ ಬೇಕೆಂಬ ನಿಯಮವನ್ನು ಮತ್ತೆ ತಂದಿತು. ಅಂದರೆ ಎಲ್ಲರೂ ಪಳಗಿದವರನ್ನೇ ಕೇಳುತ್ತಾರೆ. ಪಳಗಿಸುವವರು ಯಾರು?

ಪಳಗಿಸುವ ಜಾಗ ಹಿರಿಯ ವಕೀಲರ ಆಫೀಸು. ಅಲ್ಲಿ ಜೂನಿಯರ್‌ಗೆ ಮೊದಲ ವರ್ಷಗಳಲ್ಲಿ ಸಿಗುವುದು ಎಷ್ಟೋ ಕಡೆ ಬಸ್ ಚಾರ್ಜಿಗೆ, ಊಟಕ್ಕೆ ಸಾಲುವಷ್ಟು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಆದರೆ ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಸಣ್ಣ ಊರಿನ ಹಿರಿಯ ವಕೀಲರಿಗೂ ಅಷ್ಟು ಕೊಡುವುದು ಸುಲಭವಲ್ಲ ಎನ್ನುವುದನ್ನೂ ಒಪ್ಪಬೇಕು. ಅದರ ಮೇಲೆ ಒಂದು ಟ್ರಯಲ್ ಮುಗಿಯಲು ವರ್ಷಗಟ್ಟಲೆ. ಮುಖ್ಯ ಸಾಕ್ಷಿ ಬಂದ ದಿನ ಹಿರಿಯರೇ ನಿಲ್ಲುತ್ತಾರೆ, ಕಕ್ಷಿದಾರರೂ ಅದನ್ನೇ ಬಯಸುತ್ತಾರೆ. ಜೂನಿಯರ್ ಪಾಲಿಗೆ ಬರುವುದು ವಾಯಿದೆ ಕೇಳುವ ಕೆಲಸ. ಐದು ವರ್ಷ ಆಫೀಸಿಗೆ ಹೋದರೂ ಒಂದು ಟ್ರಯಲನ್ನು ತಾನೇ ಮೊದಲಿಂದ ಕೊನೆಯವರೆಗೆ ನಡೆಸದವರು ಇದ್ದಾರೆ. ಅಷ್ಟರಲ್ಲಿ ಬೆಂಗಳೂರಿನ ಕಂಪೆನಿಯಿಂದ ತಿಂಗಳ ಸಂಬಳದ ಕರೆ ಬಂದರೆ ಹೋಗಬೇಡ ಎನ್ನಲು ನಮಗೆ ಬಾಯಿ ಇಲ್ಲ.

ನಮ್ಮ ಮನೆಗಳ ಲೆಕ್ಕವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಪಿಯುಸಿ ಆಗಿ ಐದು ವರ್ಷ ಕಾನೂನು ಓದಿಸುತ್ತೇವೆ. ಆಮೇಲೆ ಇನ್ನೂ ನಾಲ್ಕೈದು ವರ್ಷ ಸಂಪಾದನೆ ಇಲ್ಲ ಎಂದಾಗ ಉಮ್ಮನಿಗೂ ಚಿಂತೆ, ಬಾಪನಿಗೂ ಚಿಂತೆ. ಪಕ್ಕದ ಮನೆಯ ಹುಡುಗ ಗಲ್ಫಿನಿಂದ ಹಣ ಕಳಿಸುತ್ತಿದ್ದಾನೆ, ನಮ್ಮವನು ಫೈಲು ಹೊರುತ್ತಿದ್ದಾನೆ ಎಂಬ ಮಾತು. ಕಾನೂನು ಓದಿದ ಹೆಣ್ಣುಮಕ್ಕಳಾದರೆ, ಮದುವೆಯ ಮಾತು ಬಂದಾಗ ಎಷ್ಟೋ ಕಡೆ ಮೊದಲು ನಿಲ್ಲುವುದು ಕೋರ್ಟಿಗೆ ಹೋಗುವುದೇ. ಹೀಗೆ ನಾವೇ ಅರ್ಧ ದಾರಿಯಲ್ಲಿ ಕರೆಸಿಕೊಂಡು, ಕಷ್ಟ ಬಂದಾಗ ಮಾತ್ರ ‘ನಮಗೆ ಒಬ್ಬರು ಇಲ್ಲವಾ’ ಎಂದರೆ ಹೇಗೆ?

ನಾವು ಮಾಡಬಹುದಾದದ್ದು ಇದೆ. ಜಮಾಅತ್‌ಗಳು, ಸಂಘಟನೆಗಳು ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತವೆ, ಸನ್ಮಾನ ಮಾಡುತ್ತವೆ. ಪದವಿಯ ನಂತರದ ಆ ಮೂರು ವರ್ಷಕ್ಕೂ ತಿಂಗಳಿಗೆ ಇಷ್ಟು ಎಂದು ಕೊಡುವ ಏರ್ಪಾಡು ಬೇಕು, ಟ್ರಯಲ್ ಕೋರ್ಟಿನಲ್ಲೇ ಇರಬೇಕು ಎಂಬ ಷರತ್ತಿನೊಂದಿಗೆ. ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುವ ಯೋಜನೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿದೆ, ಅಲ್ಲಿ ವಿಚಾರಿಸಿ. ವಕೀಲರ ನೋಂದಣಿ ಶುಲ್ಕವನ್ನು ಸಾಮಾನ್ಯ ವರ್ಗದವರಿಗೆ 750 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ.

ಈಗಲೇ ಕೇಸಿನಲ್ಲಿ ಸಿಕ್ಕಿಕೊಂಡವರು ಒಂದು ವಿಷಯ ತಿಳಿದಿರಲಿ. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಯಾವ ವಕೀಲರ ಬಳಿ ಹೋದರೂ ‘ಸಾಕ್ಷಿ ವಿಚಾರಣೆಗೆ ನೀವೇ ನಿಲ್ಲುತ್ತೀರಾ, ಇಂಥ ಟ್ರಯಲ್ ಎಷ್ಟು ನಡೆಸಿದ್ದೀರಿ’ ಎಂದು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಮರ್ಯಾದೆಯಿಂದ ಕೇಳಿ. ಕೇಳುವುದು ತಪ್ಪಲ್ಲ.

ಕಾಕನ ಕೇಸಿನ ಕಥೆ ಹೇಳದೆ ಮುಗಿಸಿದರೆ ಸರಿಯಾಗದು. ವಯಸ್ಸಾಯಿತು ಎಂದಿದ್ದ ಆ ಹಿರಿಯ ವಕೀಲರ ಬಳಿಗೆ ನಾವು ಮತ್ತೊಮ್ಮೆ ಹೋದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗನನ್ನೇ ಕರೆದುಕೊಂಡು ಬನ್ನಿ. ನಿಲ್ಲುವುದು ಅವನು, ಪಕ್ಕದಲ್ಲಿ ನಾನು ಕೂತಿರ್ತೇನೆ” ಎಂದರು. ಈಗ ಪ್ರತಿ ವಾಯಿದೆಯ ಹಿಂದಿನ ಸಂಜೆ ಆ ಯುವ ವಕೀಲರು ಅವರ ಮನೆಗೆ ಹೋಗಿ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಾರೆ. ನಾಲ್ಕು ಸಾಕ್ಷಿಗಳ ಪಾಟೀಸವಾಲು ಮುಗಿದಿದೆ. ತೀರ್ಪು ಏನಾಗುತ್ತದೋ ಗೊತ್ತಿಲ್ಲ. ಮುಂದಿನ ಸಲ ಇನ್ನೊಬ್ಬ ಕಾಕ ಅದೇ ಮೆಟ್ಟಿಲು ಹತ್ತಿದಾಗ ‘ನಾನು ನಿಲ್ತೇನೆ’ ಎನ್ನಲು ಒಬ್ಬರಾದರೂ ತಯಾರಾಗುತ್ತಿದ್ದಾರೆ.