ಮೊದಲ ಲೋಟ ಮನೆಗಿರಲಿ



ಚಿಕ್ಕಂದಿನ ಊಟ ಎಂದರೆ ನಿಮಗೆ ಮೊದಲು ನೆನಪಾಗುವುದು ಯಾವುದು? ಶಾಲೆಯಿಂದ ಓಡಿ ಬಂದು, ಚೀಲ ಮೂಲೆಗೆಸೆದು ಕುಡಿದ ರಾಗಿ ಅಂಬಲಿಯೇ? ಬೆಣ್ಣೆ ಕಾಯಿಸಿದ ದಿನ ಪಾತ್ರೆಯ ತಳದ ಗಸಿಗೆ ಬಿಸಿ ಅನ್ನ ಕಲಸಿ ಅಜ್ಜಿ ಕೊಡುತ್ತಿದ್ದ ತುತ್ತೇ? ಹಸು ಕರು ಹಾಕಿದ ವಾರ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುತ್ತಿದ್ದ ಗಿಣ್ಣೇ?

ಯಾವುದೇ ಇರಲಿ, ಅವೆಲ್ಲ ದೊಡ್ಡ ಅಡುಗೆಗಳೇನಲ್ಲ. ಅಂಗಡಿಯಿಂದ ತಂದ ಸಾಮಾನು ಕಡಿಮೆ. ಆದರೆ ಪ್ರತಿಯೊಂದರಲ್ಲೂ ಮನೆಯ ಹಾಲು ಒಂದಿಷ್ಟು ಇರುತ್ತಿತ್ತು. ಆ ಒಂದಿಷ್ಟು ಹಾಲಿನ ಬಗ್ಗೆಯೇ ಇವತ್ತು ನಿಮ್ಮೊಂದಿಗೆ ಮಾತನಾಡಬೇಕು.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ಎರಡು ಹಸುಗಳಿಂದ ಒಂಬತ್ತು ಲೀಟರ್ ಹಾಲು ಕರೆದು, ಅಷ್ಟನ್ನೂ ಸಂಘಕ್ಕೆ ಹಾಕಿ ಬಂದಿದ್ದೆ. ಮಧ್ಯಾಹ್ನ ಬಿಸಿಲಿನಲ್ಲಿ ಆಡಿ ಬಂದ ಮಗ, "ಅಮ್ಮಾ, ಮಜ್ಜಿಗೆ ಇಲ್ವಾ?" ಎಂದ. ಇರಲಿಲ್ಲ. ದುಡ್ಡು ಕೊಟ್ಟು ಅಂಗಡಿಗೆ ಕಳಿಸಿದೆ. ಅವನು ಮೊಸರಿನ ಪಾಕೆಟ್ ಹಿಡಿದು ಬಂದಾಗ ಜಗಲಿಯಲ್ಲಿ ಕೂತಿದ್ದ ನಮ್ಮತ್ತೆ, "ಎರಡು ಹಸ ಕಟ್ಟಿರೋ ಮನೇಲಿ ಕೊಂಡ್ಕಂಡು ಮಜ್ಜಿಗೆ ಕುಡಿಯೋ ಹಂಗಾಯ್ತಲ್ಲವ್ವ" ಎಂದರು. ಬೈಯಲಿಲ್ಲ, ಅಷ್ಟೇ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಹೀಗೇ ಇರಬಹುದು. ಹಿಂಡಿ, ಬೂಸಾದ ಲೆಕ್ಕ, ಹಸುವಿನ ಸಾಲದ ಕಂತು, ಮಕ್ಕಳ ಫೀಸು ಎಲ್ಲವೂ ಬಟವಾಡೆಯನ್ನೇ ಕಾಯುತ್ತವೆ. ಆಗ ಕ್ಯಾನಿಗೆ ಬೀಳುವ ಪ್ರತಿ ಲೋಟವೂ ದುಡ್ಡಾಗಿ ಕಾಣುತ್ತದೆ. ಅದು ತಪ್ಪಲ್ಲ. ಆದರೆ ಮನೆಗೆ ಉಳಿಯುವುದು ಕಾಫಿ, ಟೀಗೆ ಮಾತ್ರ ಎಂದಾದರೆ, ಅದರಲ್ಲೂ ಕೊನೆಯ ಲೋಟ ನಿಮ್ಮದೇ ಆದರೆ, ಹಾಲು ಕರೆಯುವ ಕೈಗೆ ಹಾಲಿಲ್ಲ ಎಂದಾಯಿತು.

ನಾವು ಹಾಕುವ ಹಾಲು ಪುಡಿಯಾಗಿ ಶಾಲೆಗೆ ಹೋಗುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಮಾಡಿ ಕೊಡುತ್ತಾರೆ. 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿತು. ಅಜ್ಜಿ ಮಾಡುತ್ತಿದ್ದ ರಾಗಿ, ಹಾಲಿನ ಜೋಡಿಯೇ ಈಗ ಶಾಲೆಯ ಲೋಟದಲ್ಲಿದೆ. ಸಂತೋಷ. ಆದರೆ ಬೇಸಿಗೆ ರಜೆಯಲ್ಲಿ? ಇನ್ನೂ ಶಾಲೆಗೆ ಸೇರದ ಕೂಸಿಗೆ? ಮನೆಯಲ್ಲಿರುವ ವಯಸ್ಸಾದವರಿಗೆ? ನಿಮಗೆ? ಆ ಲೋಟ ಮನೆಯಿಂದಲೇ ಬರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ದಿನಕ್ಕೆ ಸುಮಾರು 300 ಮಿ.ಲೀ. ಹಾಲು ಅಥವಾ ಮೊಸರು ಇರಲಿ ಎನ್ನುತ್ತದೆ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಹೆಚ್ಚು. ಸೊಂಟ ನೋವು, ಮಂಡಿ ನೋವು ಎಂದು ಕೊಟ್ಟಿಗೆಯಲ್ಲಿ ಗೋಡೆ ಹಿಡಿದು ಏಳುವ ನಾವು ಈ ಲೆಕ್ಕವನ್ನೂ ಫ್ಯಾಟಿನ ಲೆಕ್ಕದ ಜೊತೆಗೆ ಇಟ್ಟುಕೊಳ್ಳಬೇಕು.

ಹಾಗಾದರೆ ಮನೆಗೆ ಇಟ್ಟುಕೊಂಡ ಹಾಲಿನಲ್ಲಿ ಏನು ಮಾಡಬಹುದು? ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ.

ಅಂಬಲಿ: ಎರಡು ಮೂರು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಎರಡು ಲೋಟ ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವುತ್ತಾ ಹಸಿ ವಾಸನೆ ಹೋಗುವವರೆಗೆ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ, ಉಪ್ಪು ಹಾಕಿ. ಬಿಸಿಯಿರುವಾಗ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಬಿದ್ದರೆ ಹೊಲಕ್ಕೂ ಒಯ್ಯಬಹುದು.

ತುಪ್ಪದ ಗಸಿ: ದಿನವೂ ಕಾಯಿಸಿದ ಹಾಲಿನ ಕೆನೆ ತೆಗೆದಿಟ್ಟು, ಹೆಪ್ಪು ಹಾಕಿ ಕಡೆದರೆ ಬೆಣ್ಣೆ. ಕಾಯಿಸುವಾಗ ಕೊನೆಗೆ ನಾಲ್ಕು ಎಸಳು ನುಗ್ಗೆ ಸೊಪ್ಪು ಹಾಕಿ. ಸೊಪ್ಪು ಗರಿಗರಿಯಾದರೆ ತುಪ್ಪ ಹದಕ್ಕೆ ಬಂದಂತೆ. ಸೋಸಿದ ಮೇಲೆ ಆ ಸೊಪ್ಪು, ತಳದ ಗಸಿಗೆ ಬಿಸಿ ಅನ್ನ, ಚೂರು ಉಪ್ಪು ಹಾಕಿ ಕಲಸಿ. ಪಾತ್ರೆ ಯಾರಿಗೆ ಎಂದು ಮಕ್ಕಳು ಜಗಳವಾಡದಿದ್ದರೆ ಕೇಳಿ!

ಗಿಣ್ಣು: ಇದರಲ್ಲಿ ಮೊದಲ ಪಾಲು ಕರುವಿನದು. ಹುಟ್ಟಿದ ಅರ್ಧ, ಒಂದು ಗಂಟೆಯೊಳಗೆ ಕರು ಗಿಣ್ಣು ಹಾಲು ಕುಡಿಯಲೇಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಅದರಿಂದಲೇ. ಮೊದಲ ದಿನ ದಾಟಿದರೆ ಆ ಶಕ್ತಿಯನ್ನು ಹೀರಿಕೊಳ್ಳಲು ಕರುವಿನ ಕರುಳಿಗೆ ಆಗುವುದಿಲ್ಲ. ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲಕ್ಕೆ ಹಂಚಿ ಕೊಡಿ. ಕಾಯಿಸಿದರೆ ಗಟ್ಟಿಯಾಗುವ ಈ ಹಾಲನ್ನು ಹೇಗೂ ಸಂಘಕ್ಕೆ ಹಾಕುವಂತಿಲ್ಲ. ಕರು ಕುಡಿದು ಉಳಿದಿದ್ದಕ್ಕೆ ಮಾಮೂಲಿ ಹಾಲು, ಬೆಲ್ಲ, ಏಲಕ್ಕಿ ಬೆರೆಸಿ ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿ.

ಇನ್ನು ಕೆಲವು ಎಚ್ಚರಿಕೆಗಳು. ಕೊನೆಗೆ ಬರುವ ಗಟ್ಟಿ ಹಾಲನ್ನೇ ಮನೆಗೆ ತೆಗೆದಿಟ್ಟರೆ ಸಂಘದಲ್ಲಿ ಫ್ಯಾಟ್ ಇಳಿಯುತ್ತದೆ. ಪೂರ್ತಿ ಕರೆದು, ಎಲ್ಲ ಹಾಲನ್ನೂ ಬೆರೆಸಿ, ಆಮೇಲೆ ಮನೆಯ ಪಾಲು ತೆಗೆಯಿರಿ. ತೆಗೆದ ಜಾಗಕ್ಕೆ ನೀರು ತುಂಬಿಸುವ ಯೋಚನೆ ಬೇಡ, ಲ್ಯಾಕ್ಟೋಮೀಟರ್ ಸುಮ್ಮನಿರುವುದಿಲ್ಲ. ಹಾಲನ್ನು ಕಾಯಿಸಿಯೇ ಬಳಸಿ, ಹಸಿ ಹಾಲು ಕುಡಿಯಬೇಡಿ, ಮಕ್ಕಳಿಗೂ ಕೊಡಬೇಡಿ. ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದಾಗ, ವೈದ್ಯರು ಹೇಳಿದಷ್ಟು ದಿನ ಆ ಹಾಲು ಸಂಘಕ್ಕೂ ಬೇಡ, ಮನೆಗೂ ಬೇಡ. "ಡೇರಿಗೆ ಆಗದಿದ್ದರೆ ಮನೆಗಾಗುತ್ತೆ" ಎಂಬ ಮಾತನ್ನು ಬಿಟ್ಟುಬಿಡೋಣ. ಮನೆ ಉಳಿಕೆ ಹಾಕುವ ಜಾಗವಲ್ಲ.

ಆ ಮಧ್ಯಾಹ್ನದ ಮರುದಿನದಿಂದ ನಾನು ದಿನಕ್ಕೆ ಒಂದು ಲೀಟರ್ ಮೊದಲೇ ಅಳೆದು ಒಳಗಿಡುತ್ತಿದ್ದೇನೆ. ಹದಿನೈದು ದಿನದ ಬಟವಾಡೆಯಲ್ಲಿ ಹದಿನೈದು ಲೀಟರ್ ದುಡ್ಡು ಕಡಿಮೆ ಬಂತು, ಸುಳ್ಳು ಹೇಳುವುದಿಲ್ಲ. ಮೊಸರಿನ ಪಾಕೆಟ್, ಬಣ್ಣದ ಪಾನೀಯ, ಬಿಸ್ಕತ್ತಿನ ಖರ್ಚು ಉಳಿದು ಅದರಲ್ಲಿ ಒಂದಷ್ಟು ಸರಿಹೋಯಿತು, ಪೂರ್ತಿಯಲ್ಲ. ಉಳಿದಿದ್ದು ಮಕ್ಕಳ ಹೊಟ್ಟೆಗೆ, ನನ್ನ ಹೊಟ್ಟೆಗೆ ಹೋಯಿತು ಎಂದು ಬರೆದುಕೊಂಡೆ. ನಿಮ್ಮಲ್ಲಿ ಒಂದೇ ಹಸುವಿದ್ದು, ನಾಲ್ಕೇ ಲೀಟರ್ ಕೊಡುತ್ತಿದ್ದರೆ ಅರ್ಧ ಲೀಟರಿನಿಂದ ಶುರು ಮಾಡಿ. ಅರ್ಧ ಲೀಟರ್ ಮೊಸರು ಕಡೆದರೆ ಮನೆ ಮಂದಿಗೆಲ್ಲ ಮಜ್ಜಿಗೆ ಆಗುತ್ತದೆ.

ಮೊನ್ನೆ ನಮ್ಮತ್ತೆ ತಾವೇ ಕಡಗೋಲು ಹುಡುಕಿ ತೆಗೆದು, ತೊಳೆದು ಬಿಸಿಲಿಗೆ ಇಟ್ಟಿದ್ದರು. ಮಜ್ಜಿಗೆ ಕಡೆಯುವಾಗ ಮಗ ಪಕ್ಕದಲ್ಲೇ ಕೂತು ಅಂಗೈಗೆ ಬೆಣ್ಣೆ ಹಾಕಿಸಿಕೊಂಡು ನೆಕ್ಕುತ್ತಿದ್ದ. ಮುಂದೊಂದು ದಿನ ಯಾರಾದರೂ ಅವನ ಚಿಕ್ಕಂದಿನ ಊಟದ ಬಗ್ಗೆ ಕೇಳಿದರೆ ಹೇಳಲಿಕ್ಕೆ ಅವನಿಗೂ ಒಂದು ಮಾತು ಇರುತ್ತದೆ.

ನಾಳೆ ಬೆಳಿಗ್ಗೆ ಸಂಘಕ್ಕೆ ಹೊರಡುವ ಮುಂಚೆ ಒಂದು ಲೋಟ ಒಳಗಿಟ್ಟು ಹೋಗಿ. ಅದರಲ್ಲಿ ನಿಮ್ಮ ಪಾಲೂ ಇರಲಿ.