ಅಂತಿಮ ಬಿಲ್ಲಿನ ವಿಳಂಬ: ಗಂಟು ಬೀಳುವುದೆಲ್ಲಿ?

ಸರ್ಕಾರಿ ಕಟ್ಟಡದ ಉದ್ಘಾಟನೆಯಾಗಿ, ಅದರಲ್ಲಿ ಕಚೇರಿ ನಡೆಯತೊಡಗಿ ವರ್ಷ ಕಳೆದರೂ ಗುತ್ತಿಗೆದಾರನ ಅಂತಿಮ ಬಿಲ್ಲು ಕಡತದಲ್ಲಿಯೇ ಉಳಿದಿರುವುದು ಅಪರೂಪವಲ್ಲ. ಇದರ ಬಿಸಿ ಅವನಿಗೆ ಉದ್ದರಿಯಲ್ಲಿ ಕಿಟಕಿ, ಕಬ್ಬಿಣ, ವಿದ್ಯುತ್ ಸಲಕರಣೆ ಪೂರೈಸಿದ ಸಣ್ಣ ಉದ್ಯಮಿಗೂ ತಟ್ಟುತ್ತದೆ.

ದೋಷವನ್ನೆಲ್ಲ ಇಲಾಖೆಯ ಮೇಲೆ ಹೊರಿಸುವುದು ವಾಡಿಕೆ. ಅನುದಾನದ ಕೊರತೆಯೂ ನಿಜವೇ. ಆದರೆ ಎಷ್ಟೋ ಕಡತಗಳಲ್ಲಿ ಗಂಟು ಬಿದ್ದಿರುವುದು ಕೆಲಸ ನಡೆಯುತ್ತಿದ್ದ ದಿನಗಳಲ್ಲಿ. ಮಣ್ಣಿನಡಿ ಮುಚ್ಚಿಹೋಗುವ ತಳಪಾಯದ ಅಳತೆಯು ಆಗಲೇ ಅಳತೆ ಪುಸ್ತಕಕ್ಕೆ ಏರದಿದ್ದರೆ ಮುಂದೆ ಅದನ್ನು ಸಾಬೀತುಪಡಿಸುವುದು ದುಸ್ತರ. ಎಂಜಿನಿಯರರ ಬಾಯಿಮಾತಿನ ಮೇಲೆ ಮಾಡಿದ ಹೆಚ್ಚುವರಿ ಕೆಲಸದ ಗತಿಯೂ ಅಷ್ಟೇ. ಅವರು ವರ್ಗವಾಗಿ ಹೋದ ಮೇಲೆ ಮಾತಿಗೆ ಸಾಕ್ಷಿಯಿಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಷರತ್ತುಗಳನ್ನೇ ಗಮನಿಸಬಹುದು. ಹೆಚ್ಚುವರಿ ಐಟಂಗೆ 15 ದಿನಗಳೊಳಗೆ ದರ ವಿಶ್ಲೇಷಣೆಯೊಡನೆ ಬೇಡಿಕೆ ಸಲ್ಲಿಸಬೇಕು. ಕೆಲಸ ಮುಗಿದ 10 ದಿನಗಳೊಳಗೆ ಗುತ್ತಿಗೆದಾರನು ಲಿಖಿತ ನೋಟೀಸು ಕೊಡಬೇಕು. ಅದು ತಲುಪಿದ 30 ದಿನಗಳೊಳಗೆ ಎಂಜಿನಿಯರರು ಪರಿಶೀಲಿಸಬೇಕು. ನೋಟೀಸೇ ಇಲ್ಲದಿದ್ದರೆ ಈ 30 ದಿನಗಳ ಎಣಿಕೆ ಆರಂಭವಾಗುವುದಾದರೂ ಎಂದು? ಅಂತಿಮ ಬಿಲ್ಲು ಸಲ್ಲಿಸಿದ ಬಳಿಕ ಹೊಸ ಬೇಡಿಕೆಗೆ ಅವಕಾಶವಿಲ್ಲವೆಂಬ 9ನೇ ಷರತ್ತನ್ನು ಓದದೆ ಸಹಿ ಹಾಕಿದವರು ಕಡಿಮೆಯೇನಲ್ಲ.

ಕೇಂದ್ರ ಹಣಕಾಸು ಸಚಿವಾಲಯವು 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಂತೆ ಚಾಲ್ತಿ ಬಿಲ್ಲಿನ ಅರ್ಹ ಮೊತ್ತದಲ್ಲಿ ಕನಿಷ್ಠ ಶೇ. 75ರಷ್ಟನ್ನು 10 ಕೆಲಸದ ದಿನಗಳಲ್ಲಿ, ಉಳಿದುದನ್ನು 28 ಕೆಲಸದ ದಿನಗಳಲ್ಲಿ ಪಾವತಿಸಬೇಕು. ಅಂತಿಮ ಬಿಲ್ಲಿಗೆ ಕಾಮಗಾರಿ ಮುಗಿದಂದಿನಿಂದ 3 ತಿಂಗಳು. ಇದು ಕೇಂದ್ರದ ಇಲಾಖೆಗಳಿಗೆ ಸಂಬಂಧಿಸಿದ್ದು. ರಾಜ್ಯ ಇಲಾಖೆ ಅಥವಾ ನಗರಸಭೆಯ ಕೆಲಸ ಹಿಡಿದವರಿಗೆ ಆಯಾ ಒಪ್ಪಂದವೇ ಪ್ರಮಾಣ.

ವಿಳಂಬದ ವೆಚ್ಚ ಬಡ್ಡಿಗೆ ನಿಲ್ಲದು. 2018ರ ಹಣಕಾಸು ಕಾಯ್ದೆಯು, ಇಲಾಖೆ ತಡೆಹಿಡಿದ ರಿಟೆನ್ಷನ್ ಹಣವನ್ನೂ ಗುತ್ತಿಗೆ ಆದಾಯದಲ್ಲಿ ಸೇರಿಸಿತು. ಎಂದರೆ ಕೈಗೆ ಬಾರದ ಹಣಕ್ಕೆ ತೆರಿಗೆ ಮೊದಲೇ ತೆರಬೇಕಾದೀತು. ಇತ್ತ ನೋಂದಾಯಿತ ಸಣ್ಣ ತಯಾರಕನಿಂದ ಸರಕು ಕೊಂಡಿದ್ದರೆ 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಿಸಬೇಕು. ‘ಇಲಾಖೆಯಿಂದ ಬಂದಿಲ್ಲ’ ಎಂಬ ಸಬೂಬು ಅಲ್ಲಿ ನಡೆಯದು.

ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಇರುವುದು 3 ವರ್ಷಗಳ ಕಾಲಮಿತಿ. ಗುತ್ತಿಗೆದಾರನು ಬರೆಯುವ ಜ್ಞಾಪನ ಪತ್ರಗಳಿಂದ ಅದು ವಿಸ್ತರಿಸುವುದಿಲ್ಲ. ಬಾಕಿಯನ್ನು ಒಪ್ಪಿ ಇಲಾಖೆ ಸಹಿ ಮಾಡಿದ ಪತ್ರವಿದ್ದರೆ ಮಾತ್ರ ಅಂದಿನಿಂದ ಹೊಸ ಎಣಿಕೆ. ಆ ಪತ್ರವೂ ಮೊದಲ ಅವಧಿ ಮುಗಿಯುವುದರೊಳಗೆ ದೊರೆತಿರಬೇಕು.