ತೂಫಾನಿಗೆ ಕಾದು ಕೂರುವವರು

ತೂಫಾನ್ ಬರಲಿ ಎಂದು ಹಂಬಲಿಸುವ ಮೀನುಗಾರರುಂಟೇ? ಉಂಟು! ನಮ್ಮ ತಗಡೂರಿನ ಕಡೆ ಮುಂಗಾರೆಂದರೆ ಹೊಲ, ಕೆರೆ, ನಂಜನಗೂಡಿನಲ್ಲಿ ತುಂಬಿ ಹರಿಯುವ ಕಪಿಲೆ. ಅದೇ ಮುಂಗಾರು ಗಾಳಿ ಘಟ್ಟ ಹತ್ತುವ ಮೊದಲು ಕಡಲಲ್ಲಿ ಮಾಡಿ ಬರುವ ಕೆಲಸ ತಿಳಿದಾಗ ನಾನಂತೂ ಬೆರಗಾಗಿಬಿಟ್ಟೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಕಡಲು ನಾಡದೋಣಿಯವರದು. ಆದರೂ ಮಳೆ ಬಿದ್ದ ಕೂಡಲೇ ಅವರು ದೋಣಿ ಇಳಿಸುವುದಿಲ್ಲ. ಮಲ್ಪೆ, ಗಂಗೊಳ್ಳಿ, ಮರವಂತೆಯ ದಡಗಳಲ್ಲಿ ತೂಫಾನಿಗೆ ಕಾಯುತ್ತಾರೆ! ಕಡಲು ಒಮ್ಮೆ ತಳದಿಂದ ಕದಡಬೇಕು, ಹೊಳೆಗಳ ನೆರೆನೀರು ಬಂದು ಸೇರಬೇಕು. ಆಮೇಲೆಯೇ ಸಿಗಡಿ, ಬಂಗುಡೆ, ಬೂತಾಯಿ ದಡದತ್ತ ಬರುತ್ತವೆ ಎಂಬುದು ತಲೆತಲಾಂತರದ ಲೆಕ್ಕ.

ಎಂಥ ಲೆಕ್ಕ ಅದು! ಮುಂಗಾರು ಗಾಳಿಗೆ ಮೇಲ್ನೀರು ದಡದಿಂದಾಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ. ಬಿಸಿಲು ತಾಗಿದ್ದೇ ತಡ, ಕಣ್ಣಿಗೆ ಕಾಣದಷ್ಟು ಸಣ್ಣ ಡಯಾಟಮ್ ಪಾಚಿ ಹುಲುಸಾಗಿ ಹಬ್ಬುತ್ತದೆ. ಬೂತಾಯಿಗೆ ಅದೇ ಮೇವು. ಮನೆಗೆ ತಂದ ಬೂತಾಯಿಯ ಕಿವಿರನ್ನು ಎತ್ತಿ ನೋಡಿ: ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ಎಳೆಗಳು. ನೀರಿನಿಂದ ಪಾಚಿಯನ್ನು ಸೋಸಿಕೊಳ್ಳುವುದಕ್ಕೆಂದೇ ಇರುವಂಥವು!

ಹವಾಮಾನ ಬದಲಾವಣೆ ನಮಗೆ ತಲುಪುವುದು ಉಷ್ಣಾಂಶದ ಅಂಕಿಯಾಗಿ. ನಾಡದೋಣಿಯವರಿಗೆ ತಲುಪುವುದು ಹೊತ್ತು ತಪ್ಪಿದ ಗಾಳಿಯಾಗಿ. ಜೂನಿನಲ್ಲಿ ಬೇಕಾದ ತೂಫಾನ್ ಕೈಕೊಡುತ್ತದೆ. ದೋಣಿ, ಬೋಟು ಎಲ್ಲವೂ ಕಡಲಲ್ಲಿರುವ ತಿಂಗಳಲ್ಲಿ ಚಂಡಮಾರುತ ಏಳುತ್ತದೆ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್, ಅದು ತಣಿಯುವ ಮೊದಲೇ ಮಹಾ. 2021ರ ಮೇನಲ್ಲಿ ತೌಕ್ತೆ. ಅರಬ್ಬಿ ಸಮುದ್ರ ಬಿಸಿಯಾದಷ್ಟೂ ಚಂಡಮಾರುತಕ್ಕೆ ಬಲ. ಬಿಸಿನೀರು ಮೇಲೆ ಕೂತಷ್ಟೂ ತಳದ ತಣ್ಣೀರು ಏಳುವುದು ಕಷ್ಟ. ಒಂದೇ ಬಿಸಿಯಿಂದ ಎರಡು ಪೆಟ್ಟು! ಹಾಗೆಂದು ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವವರಲ್ಲ ಅವರು. ಮರಿಮೀನನ್ನೂ ಬಿಡದೆ ಬಾಚುವ ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್ ವಿರುದ್ಧ ಬೀದಿಗಿಳಿದವರೂ ಇವರೇ.

ಇನ್ನು ಬೂತಾಯಿ! ಒಂದು ಕಾಲಕ್ಕೆ ಹೆಚ್ಚಾಗಿ ಮಲಬಾರು ಮತ್ತು ನಮ್ಮ ಕರಾವಳಿಯ ಮೀನು. ಈಗ ಗುಜರಾತಿನಲ್ಲೂ, ಬಂಗಾಳ ಕೊಲ್ಲಿಯಲ್ಲೂ ಬಲೆಗೆ ಬೀಳುತ್ತಿದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್ನಿಗೆ ಕುಸಿಯಿತು. ಬಂಗುಡೆಯೋ, ತಂಪು ಹುಡುಕಿ ಆಳಕ್ಕಿಳಿಯುತ್ತಿದೆ ಎನ್ನುತ್ತಾರೆ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಮೀನು ದೂರವಾದಷ್ಟೂ ದೋಣಿಯ ಎಂಜಿನ್ ಕುಡಿಯುವ ಸೀಮೆಎಣ್ಣೆ ಜಾಸ್ತಿ. ಸಬ್ಸಿಡಿ ಸೀಮೆಎಣ್ಣೆ ಕೊಡಿ ಎಂದು ನಾಡದೋಣಿಯವರು ಕೇಳುತ್ತಲೇ ಇರುವುದರ ಹಿಂದೆ ಕಡಲಾಳದ ಈ ಸಂಗತಿಯೂ ಇದೆ.